ಗದ್ದೆ ಬದುವಿನ ಮಿಂಚುಳ್ಳಿಗೆ ಎಷ್ಟು ಉದ್ದದ ಲೆನ್ಸ್ ಬೇಕು?

ಪ್ರಶ್ನೆ: ನಮಸ್ಕಾರ. ನಾವು ಸಾಗರ ತಾಲ್ಲೂಕಿನವರು. ಮನೆ ಮುಂದೆ ಅಡಿಕೆ ತೋಟ, ಅದರಾಚೆ ಗದ್ದೆ, ಗದ್ದೆ ಮುಗಿದಲ್ಲಿ ಶರಾವತಿ ಹಿನ್ನೀರು. ಮಗ ತನ್ನ ಹಳೇ ಕ್ಯಾಮೆರಾ ನನಗೆ ಕೊಟ್ಟಿದ್ದಾನೆ, ಜೊತೆಗೆ 55-250 ಎಂಎಂ ಜೂಮ್ ಲೆನ್ಸ್. ಬೆಳಿಗ್ಗೆ ಕೊಟ್ಟಿಗೆ ಕೆಲಸ, ತಿಂಡಿ ಮುಗಿದ ಮೇಲೆ ಒಂದು ಗಂಟೆ ಬದುವಿನ ಮೇಲೆ ಹೋಗಿ ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆ ನೋಡುತ್ತೇನೆ, ಫೋಟೊ ತೆಗೆಯುತ್ತೇನೆ. ಹೊನ್ನಾವರದ ತಂಗಿ ಮನೆಗೆ ಹೋದಾಗ ಕಡಲ ದಂಡೆಯ ಏಡಿ, ಮರಳ ಮೇಲೆ ಓಡುವ ಸಣ್ಣ ಹಕ್ಕಿಗಳು. ಮನಸ್ಸಿಗೆ ಎಷ್ಟು ಹಿತ ಅಂತ ಹೇಳಲಾರೆ. ಆದರೆ ಬೆಳ್ಳಕ್ಕಿ ಬರೀ ಬಿಳಿ ಮಚ್ಚೆಯಾಗಿ ಬರುತ್ತದೆ, ಒಂದು ಗರಿಯೂ ಕಾಣುವುದಿಲ್ಲ. ಮಿಂಚುಳ್ಳಿ ಹತ್ತಿರ ಹೋಗುವಷ್ಟರಲ್ಲಿ ಹಾರಿಹೋಗುತ್ತದೆ. ಕೂತಿದ್ದರೂ ಚಿತ್ರ ಮಸುಕು. 600 ಎಂಎಂ ಲೆನ್ಸ್, ಮಿಲಿಟರಿ ಬಣ್ಣದ ಬಟ್ಟೆ ಇಲ್ಲದೆ ಹಕ್ಕಿ ಫೋಟೊ ಆಗುವುದಿಲ್ಲ ಅಂತ ಮಗ ಹೇಳುತ್ತಾನೆ. ಈ ಸಲ ಮಳೆಗಾಲ ಕಳೆದು ನೋಡಿದರೆ ಲೆನ್ಸ್ ಒಳಗೆ ಜೇಡರ ಬಲೆಯಂಥ ಎಳೆಗಳು ಬೇರೆ. ನಮ್ಮನೆಯವರು ಅಕ್ಕಿ ಡಬ್ಬಿಯಲ್ಲಿ ಹುಗಿದಿಡು ಅನ್ನುತ್ತಾರೆ, ಪಕ್ಕದ ಮನೆಯವರು ಬಿಸಿಲಿಗಿಡಿ ಅನ್ನುತ್ತಾರೆ. ಇಷ್ಟು ಸಾಮಾನ್ಯ ಹಕ್ಕಿಗಳಿಗಾಗಿ ದುಡ್ಡು ಹಾಕುವುದು ಸರಿಯೇ?

ಉತ್ತರ: ನೀವು ನಾಲ್ಕು ತೊಂದರೆ ಹೇಳಿದ್ದೀರಿ. ಹೊಸ ಲೆನ್ಸ್ ಕೊಂಡರೆ ತೀರುವಂಥದ್ದು ಅವುಗಳಲ್ಲಿ ಒಂದೂ ಇಲ್ಲ. ಬಿಳಿ ಮಚ್ಚೆಗೆ ಕಾರಣ ಬೆಳಕಿನ ಲೆಕ್ಕ. ಮಿಂಚುಳ್ಳಿ ಹಾರುವುದು ನೀವು ಅದರ ಕಡೆಗೆ ನಡೆಯುವುದರಿಂದ. ಮಸುಕು ಬಹುಪಾಲು ಶಟರ್ ವೇಗದ್ದು, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಬಿಡುತ್ತದೆ ಎಂಬುದರದ್ದು. ಇನ್ನು ಒಳಗಿನ ಎಳೆಗಳು ಬೂಷ್ಟು. 600 ಎಂಎಂ ಲೆನ್ಸ್ ತಂದು ಅದೇ ಬೀರುವಿನಲ್ಲಿಟ್ಟರೆ ಮುಂದಿನ ದೀಪಾವಳಿ ಹೊತ್ತಿಗೆ ಅದಕ್ಕೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ದುಡ್ಡು ಹಾಕುವುದಿದ್ದರೆ ಮೊದಲು ತೇವ ತಡೆಯುವುದಕ್ಕೆ ಹಾಕಿ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದರಲ್ಲಿ ಸ್ವಲ್ಪ ಅಳುಕು ಕಾಣುತ್ತಿದೆ. ಸಾಮಾನ್ಯ ಹಕ್ಕಿ ಅಂದರೆ ದಿನಾ ಸಿಗುವ ಹಕ್ಕಿ. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮಳೆ ಹಿಡಿಯುವ ಹೊತ್ತಿಗೆ ಗೋವಕ್ಕಿಯ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಕೆಸರು ಬಣ್ಣದ ಕೊಳದ ಬಕಕ್ಕೆ ಬೆನ್ನಿನ ಮೇಲೆ ಕಡುಗೆಂಪು ಗರಿ ಬರುತ್ತದೆ. ಮಧ್ಯಮ ಗಾತ್ರದ ಬೆಳ್ಳಕ್ಕಿಯ ಹಳದಿ ಕೊಕ್ಕು ಮರಿ ಮಾಡುವ ಕಾಲದಲ್ಲಿ ಕಪ್ಪಾಗುತ್ತದೆ. ಪಕ್ಷಿಧಾಮಗಳಾದ ತುಂಗೆಯ ನಡುವಿನ ಮಂಡಗದ್ದೆಗೋ ಸೊರಬದ ಗುಡವಿ ಕೆರೆಗೋ ಒಂದು ದಿನ ಬಂದು ಹೋಗುವವರು ಈ ಬದಲಾವಣೆ ಮುಗಿದ ಮೇಲಿನ ಹಕ್ಕಿಯನ್ನಷ್ಟೇ ನೋಡುತ್ತಾರೆ. ನಿಮಗೆ ಅದು ವಾರವಾರ ನಿಮ್ಮ ಬದುವಿನ ಮೇಲೇ ಕಾಣುತ್ತದೆ. ದಿನಾಂಕ ಹಾಕಿ ಆ ಚಿತ್ರಗಳನ್ನು ಇಟ್ಟುಕೊಳ್ಳಿ; ನಾಲ್ಕೈದು ವರ್ಷಕ್ಕೆ ಅದು ನಿಮ್ಮ ಊರಿನ ಒಳ್ಳೆಯ ದಾಖಲೆಯಾಗುತ್ತದೆ.

ಈಗ ಲೆನ್ಸಿನ ಮಾತು. ಗದ್ದೆ ಬಯಲಲ್ಲಿ ಕಾಣುವ ಬಿಳಿ ಎದೆಯ ಮಿಂಚುಳ್ಳಿ ಸುಮಾರು 28 ಸೆಂ.ಮೀ. ಉದ್ದ. ನಿಮ್ಮ ಕ್ಯಾಮೆರಾದೊಳಗೆ ಚಿತ್ರ ಬೀಳುವ ಸೆನ್ಸರಿನ ಎತ್ತರ ಹೆಚ್ಚುಕಡಿಮೆ 15 ಮಿ.ಮೀ. 15 ಮೀಟರ್ ದೂರದಿಂದ 250 ಎಂಎಂನಲ್ಲಿ ತೆಗೆದರೆ ಆ ಹಕ್ಕಿ ಸೆನ್ಸರ್ ಮೇಲೆ 4.7 ಮಿ.ಮೀ. ಬೀಳುತ್ತದೆ, ಅಂದರೆ ಚೌಕಟ್ಟಿನ ಎತ್ತರದ ಮೂರನೇ ಒಂದು ಭಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಆದರೆ ಹಕ್ಕಿಯ ಉದ್ದಕ್ಕೇ ಸುಮಾರು 1,200 ಪಿಕ್ಸೆಲ್ ಸಿಕ್ಕೀತು. ಕತ್ತರಿಸಿ ದೊಡ್ಡದು ಮಾಡಲು, ಆಲ್ಬಮ್ಮಿಗೆ ಮುದ್ರಿಸಲು ಧಾರಾಳ ಸಾಕು. 600 ಎಂಎಂ ಲೆನ್ಸ್ ಇದೇ ಗಾತ್ರವನ್ನು 36 ಮೀಟರಿನಿಂದ ಕೊಡುತ್ತದೆ. ವ್ಯತ್ಯಾಸ ಇರುವುದು ಈ 21 ಮೀಟರಿನಲ್ಲಿ. ಆ ಅಂತರವನ್ನು ದುಡ್ಡು ಕೊಟ್ಟು ದಾಟಬಹುದು, ಕೂತು ಕಾದೂ ದಾಟಬಹುದು.

150-600 ಬಗೆಯ ಲೆನ್ಸುಗಳು ಎರಡು ಕೆಜಿ ಹತ್ತಿರ ತೂಗುತ್ತವೆ. ಪೂರ್ತಿ ಚಾಚಿದಾಗ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್/6.3, ಅಡಿಕೆ ತೋಟದ ಅಂಚಿನ ಬೆಳಗಿನ ಮಬ್ಬಿಗೆ ಅದು ಇನ್ನಷ್ಟು ಕತ್ತಲೆ. ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ಅಂಥ ಲೆನ್ಸ್ ನಿಜವಾಗಿ ಬೇಕಾಗುವುದು ಹತ್ತಿರ ಹೋಗಲು ಸಾಧ್ಯವೇ ಇಲ್ಲದ, ಹೋಗಲೂಬಾರದ ಕಡೆ. ಬೇಸಿಗೆಯಲ್ಲಿ ನೀರಿಳಿದು ಭದ್ರಾ ಹಿನ್ನೀರಿನ ನಡುಗಡ್ಡೆಗಳು ಮೇಲೇಳುತ್ತವೆ, ಅಲ್ಲಿ ನದಿ ರೀವಗಳು (ರಿವರ್ ಟರ್ನ್) ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಅಂಥದ್ದಕ್ಕೆ ಉದ್ದದ ಲೆನ್ಸೇ ಬೇಕು. ನಿಮ್ಮ ಬದುವಿಗೆ ಬೇಡ.

ಬಟ್ಟೆಯ ವಿಷಯಕ್ಕೆ ಬಂದರೆ, ಹಕ್ಕಿಗಳಿಗೆ ಬಣ್ಣ ನಮಗಿಂತ ಚೆನ್ನಾಗಿ ಕಾಣುತ್ತದೆ. ಆದರೆ ಅವು ಹೆದರುವುದು ಬಣ್ಣಕ್ಕಿಂತ ಚಲನೆಗೆ. ಬೆಳ್ಳಗಿನದು, ಫಳಫಳ ಹೊಳೆಯುವುದು ಬಿಟ್ಟು ಮಾಸಲು ಬಣ್ಣದ ಯಾವ ಹಳೇ ಬಟ್ಟೆಯಾದರೂ ಆದೀತು. ಗದ್ದೆ ಹೂಡುವಾಗ ಟಿಲ್ಲರಿನ ಸದ್ದಿಗೂ ಜಗ್ಗದೆ ನಾಲ್ಕು ಹೆಜ್ಜೆ ಹಿಂದೆ ಗೋವಕ್ಕಿಗಳು ಹುಳ ಹೆಕ್ಕುವುದನ್ನು ನೀವು ದಿನಾ ನೋಡುತ್ತೀರಿ. ಟಿಲ್ಲರಿನವನು ಅವುಗಳ ಕಡೆ ದಿಟ್ಟಿಸಿ ನೋಡುತ್ತಾ ನೇರ ನಡೆದು ಬರುವುದಿಲ್ಲ, ಅಷ್ಟೇ ಕಾರಣ. ಕ್ಯಾಮೆರಾ ಹಿಡಿದವರು ಮಾಡುವುದೇ ಅದನ್ನು.

ಹಾಗಾಗಿ ಹಕ್ಕಿಯ ಹತ್ತಿರ ಹೋಗಬೇಡಿ, ಹಕ್ಕಿ ಬರುವ ಜಾಗದಲ್ಲಿ ಮೊದಲೇ ಕೂತಿರಿ. ಮಿಂಚುಳ್ಳಿಗೆ ಗೊತ್ತಾದ ಕೂರುವ ಜಾಗಗಳಿರುತ್ತವೆ: ಬೇಲಿ ಗೂಟ, ಪಂಪ್‌ಸೆಟ್ ಪೈಪು, ಹಿನ್ನೀರಿನ ಒಣಮರದ ಬೊಡ್ಡೆ. ಕೆಳಗೆ ಹಿಕ್ಕೆಯ ಬಿಳಿ ಗೆರೆ ಇಳಿದಿದ್ದರೆ ಅದು ದಿನಾ ಕೂರುವ ಜಾಗ ಅಂತಲೇ ಲೆಕ್ಕ. ಹಕ್ಕಿ ಇಲ್ಲದಾಗ ಅಲ್ಲಿಗೆ ಹೋಗಿ, ಅದರಿಂದ 12-15 ಮೀಟರ್ ದೂರದಲ್ಲಿ, ಸೂರ್ಯ ನಿಮ್ಮ ಬೆನ್ನಿಗೆ ಬರುವ ಹಾಗೆ ಒಂದು ಜಾಗ ಗೊತ್ತು ಮಾಡಿ. ನೆಲ ಒದ್ದೆ ಇದ್ದರೆ ಒಂದು ಅಡಿಕೆ ಹಾಳೆ ಹಾಕಿಕೊಂಡು ಕೂರಿ. ನಿಂತರೆ ಆಕಾಶದ ಎದುರು ನಿಮ್ಮ ಆಕೃತಿ ಎದ್ದು ಕಾಣುತ್ತದೆ, ಕೂತರೆ ಹಿಂದಿನ ಹಸಿರಲ್ಲಿ ಸೇರಿಹೋಗುತ್ತೀರಿ. ಇನ್ನೊಂದು ಲಾಭವೂ ಇದೆ: ಕ್ಯಾಮೆರಾ ಹಕ್ಕಿಯ ಕಣ್ಣಿನ ಎತ್ತರಕ್ಕೆ ಬಂದಾಗ ಹಿನ್ನೆಲೆ ದೂರ ಸರಿದು ನಯವಾಗುತ್ತದೆ. ಮೇಲಿನಿಂದ ತೆಗೆದರೆ ಹಕ್ಕಿಯ ಹಿಂದೆ ಬರೀ ಕೆಸರು. ಕ್ಯಾಮೆರಾವನ್ನು ಮಂಡಿಯ ಮೇಲೆ ಊರಿ, ಹಕ್ಕಿ ಬರುವ ಮುಂಚೆಯೇ ಎತ್ತಿ ಹಿಡಿದಿರಿ. ಬಂದ ಮೇಲೆ ಎತ್ತಿದರೆ ಆ ಒಂದು ಚಲನೆಗೇ ಹಾರುತ್ತದೆ. ಮೊದಲ ಎರಡು ಮೂರು ದಿನ ಫೋಟೊ ತೆಗೆಯದೆ ಬರೀ ಕೂತು ಬಂದರೆ ಇನ್ನೂ ಒಳ್ಳೆಯದು. ಮಿಂಚುಳ್ಳಿ ಎಷ್ಟು ಹೊತ್ತಿಗೆ ಬರುತ್ತದೆ, ಹಿಡಿದ ಏಡಿಯನ್ನು ಎಲ್ಲಿ ಬಡಿದು ತಿನ್ನುತ್ತದೆ ಎಂದು ಅಷ್ಟರಲ್ಲಿ ತಿಳಿಯುತ್ತದೆ. ನನ್ನ ಮಟ್ಟಿಗೆ ಈ ಹವ್ಯಾಸದ ಅರ್ಧಕ್ಕಿಂತ ಹೆಚ್ಚು ಸುಖ ಇರುವುದು ಅದರಲ್ಲೇ.

ಹಾರುವ ಮುಂಚೆ ಹಕ್ಕಿ ಸೂಚನೆ ಕೊಡುತ್ತದೆ. ಮೇಯುವುದು ನಿಲ್ಲಿಸುತ್ತದೆ, ಕತ್ತು ನೀಳವಾಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕುತ್ತದೆ. ಕತ್ತು ನೀಳವಾದಾಗಲೇ ನಿಂತುಬಿಡಿ; ಮತ್ತೆ ಮೇಯಲು ಶುರುಮಾಡುವ ತನಕ ಅಲ್ಲಾಡಬೇಡಿ. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕೂಗುತ್ತಿದ್ದರೆ ಅಲ್ಲೇ ಎಲ್ಲೋ ನೆಲದ ಮೇಲೆ ಮೊಟ್ಟೆ ಇದೆ ಎಂದರ್ಥ. ಹುಡುಕಬೇಡಿ, ಬಂದ ದಾರಿಯಲ್ಲೇ ಹಿಂದಿರುಗಿ. ಯಾವ ಹಕ್ಕಿಯ ಗೂಡಿನ ಫೋಟೊಕ್ಕೂ ಕೈ ಹಾಕಬೇಡಿ. ನೀವು ಸರಿಸಿದ ಒಂದು ಕೊಂಬೆ ಕಾಗೆಗೂ ಕೆಂಬೂತಕ್ಕೂ ದಾರಿ ತೋರಿಸುತ್ತದೆ.

ನಿಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಕಾಡಂಚಿನ ತರಗೆಲೆ ಮೇಲೆ ಗಂಟೆಗಟ್ಟಲೆ ಕೂರಬೇಡಿ, ಅದನ್ನು ಹರಡುವ ಉಣುಗು ಇರುವುದೇ ಅಲ್ಲಿ. ಬಯಲಿನ ಬದು, ನೀರಂಚಿನ ಬರಿನೆಲ ವಾಸಿ. ಕಾಡಂಚಿಗೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ. ಬಂದ ತಕ್ಷಣ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಬೆಳ್ಳಕ್ಕಿ ಬಿಳಿ ಮಚ್ಚೆಯಾಗುವ ಕಾರಣ ಒಮ್ಮೆ ತಿಳಿದರೆ ಮತ್ತೆ ಮರೆಯುವುದಿಲ್ಲ. ಕ್ಯಾಮೆರಾಕ್ಕೆ ಬೆಳ್ಳಕ್ಕಿ ಯಾವುದು, ತೋಟ ಯಾವುದು ಗೊತ್ತಿಲ್ಲ. ಚೌಕಟ್ಟಿನಲ್ಲಿ ಇರುವುದೆಲ್ಲ ಸೇರಿ ಸರಾಸರಿ ನಡುಬೂದು ಆಗಬೇಕು ಎಂದು ಅದು ಲೆಕ್ಕ ಹಾಕುತ್ತದೆ. ನಿಮ್ಮ ಚಿತ್ರದಲ್ಲಿ ಹಕ್ಕಿ ಚಿಕ್ಕದು, ಸುತ್ತ ಕಡುಹಸಿರು ತೋಟ, ಕಪ್ಪು ನೀರು. ಇಷ್ಟು ಕತ್ತಲೆ ಇದೆಯಲ್ಲ ಎಂದು ಕ್ಯಾಮೆರಾ ಎಲ್ಲವನ್ನೂ ಬೆಳ್ಳಗೆ ಮಾಡುತ್ತದೆ. ಮೊದಲೇ ಬೆಳ್ಳಗಿದ್ದ ಹಕ್ಕಿ ಆಗ ಸುಟ್ಟುಹೋಗುತ್ತದೆ. ಬಿಳಿ ಹಕ್ಕಿಗೆ ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಕ್ಯಾಮೆರಾದ ಲೆಕ್ಕಕ್ಕಿಂತ ಬೆಳಕು ಹೆಚ್ಚಿಸಲು ಪ್ಲಸ್, ತಗ್ಗಿಸಲು ಮೈನಸ್) ಯಾವಾಗಲೂ ಪ್ಲಸ್ ಕೊಡಿ ಎಂಬ ಸಲಹೆ ನೀವು ಕೇಳಿರಬಹುದು. ಹಕ್ಕಿ ಚೌಕಟ್ಟು ತುಂಬಿದ್ದಾಗ, ಇಲ್ಲವೇ ಹಿನ್ನೆಲೆಯೂ ಬೆಳ್ಳಗಿದ್ದಾಗ ಮಾತ್ರ ಅದು ಸರಿ. ಗದ್ದೆಯಲ್ಲಿ ನಿಮಗೆ ಬೇಕಾದದ್ದು ಅದಕ್ಕೆ ಉಲ್ಟಾ: ತೋಟದ ಹಿನ್ನೆಲೆಯಲ್ಲಿ ಮೈನಸ್ 1ರಿಂದ ಶುರುಮಾಡಿ, ಬಿಸಿಲು ಚುರುಕಾಗಿದ್ದು ನೀರು ಕಪ್ಪಾಗಿದ್ದರೆ ಮೈನಸ್ 1.7ರ ತನಕ ಇಳಿಸಿ. ಹೊನ್ನಾವರದ ಬೆಳ್ಳನೆ ಮರಳಲ್ಲಿ ಕಂದು ಹಕ್ಕಿ ತೆಗೆಯುವಾಗ ಪ್ಲಸ್ 0.7.

ಸರಿ ಬಂತೋ ಇಲ್ಲವೋ ನೋಡಲು ಪರದೆಯ ಹೊಳಪನ್ನು ನಂಬಬೇಡಿ. ಬಿಸಿಲಲ್ಲಿ ಅದು ಮೋಸ ಮಾಡುತ್ತದೆ. ಮೆನುವಿನಲ್ಲಿ ಹೈಲೈಟ್ ಅಲರ್ಟ್ ಹಾಕಿಡಿ. ಸುಟ್ಟ ಜಾಗ ಕಪ್ಪು-ಬಿಳುಪಾಗಿ ಮಿಟುಕುತ್ತದೆ. ಬೆಳ್ಳಕ್ಕಿಯ ಎದೆ ಮಿಟುಕುತ್ತಿದ್ದರೆ ಇನ್ನೊಂದು ಗುರುತು ಕೆಳಗಿಳಿಸಿ ಮತ್ತೆ ತೆಗೆಯಿರಿ. ರಾ (ಕ್ಯಾಮೆರಾ ತಿದ್ದದ ಮೂಲ) ಕಡತದಲ್ಲಿ ತೆಗೆದರೆ ಸ್ವಲ್ಪ ಸುಟ್ಟದ್ದನ್ನು ಮರಳಿ ತರಬಹುದು, ಪೂರ್ತಿ ಹೋದ ಗರಿ ಬರುವುದಿಲ್ಲ. ಕತ್ತಲಾದ ತೋಟವನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಬಹುದು. ನೀವು ತಿಂಡಿ ಮುಗಿಸಿ ಹೋಗುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಆಗುವುದಾದರೆ ಎಂಟೂವರೆಯೊಳಗೆ ಮುಗಿಸಿ. ಆಗದಿದ್ದರೆ ಮೋಡದ ದಿನಗಳನ್ನು ಬೆಳ್ಳಕ್ಕಿಗೆ ಮೀಸಲಿಡಿ, ಮೋಡದ ಬೆಳಕಲ್ಲಿ ಒಂದೊಂದು ಗರಿಯೂ ಬೇರೆಯಾಗಿ ಕಾಣುತ್ತದೆ.

ಮಸುಕಿಗೆ ಮದ್ದು ಸುಲಭ. ಕ್ಯಾಮೆರಾವನ್ನು ಶಟರ್ ವೇಗ ನೀವೇ ಆರಿಸುವ ಟಿವಿ (Tv) ಮೋಡಿಗೆ ಹಾಕಿ, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯಾದ ಐಎಸ್‌ಒ ಆಟೊ ಇಟ್ಟು ಮೇಲ್ಮಿತಿ 3200 ಮಾಡಿ. ಕೂತ ಹಕ್ಕಿಗೆ ಸೆಕೆಂಡಿನ 1/800, ನಡೆಯುವುದಕ್ಕೆ 1/1000, ಹಾರುವುದಕ್ಕೆ 1/2000. ಬೆಳಕು ಸಾಲದಿದ್ದಾಗ ಬರುವ ಚಿತ್ರದ ಕಾಳುಕಾಳನ್ನು ಸಹಿಸಿಕೊಳ್ಳಬಹುದು, ಅಲುಗಾಡಿದ ಚಿತ್ರವನ್ನು ಸರಿಪಡಿಸಲು ಬರುವುದಿಲ್ಲ. ಫೋಕಸ್ ಬಿಂದು ನಡುವಿನದೊಂದೇ ಇರಲಿ, ಅದನ್ನು ಕಣ್ಣಿನ ಮೇಲಿಡಿ. ಎಲ್ಲ ಬಿಂದುಗಳನ್ನೂ ತೆರೆದಿಟ್ಟರೆ ಕ್ಯಾಮೆರಾ ಮುಂದಿನ ಭತ್ತದ ಗರಿಯನ್ನು ಹಿಡಿದು ಕೂರುತ್ತದೆ. ಚಲಿಸುವ ಹಕ್ಕಿಗೆ ಬಿಡದೆ ಫೋಕಸ್ ಮಾಡುತ್ತಲೇ ಇರುವ ಆಯ್ಕೆ ಬೇಕು: ಕ್ಯಾನನ್‌ನಲ್ಲಿ ಎಐ ಸರ್ವೋ, ನಿಕಾನ್‌ನಲ್ಲಿ ಎಎಫ್-ಸಿ. ನಿಕಾನ್ ಆದರೆ ಟಿವಿ ಬದಲು ಎಸ್ ಮೋಡ್.

ಹೊನ್ನಾವರದಲ್ಲಿ ಗಡಿಯಾರಕ್ಕಿಂತ ಕಡಲಿನ ಏರಿಳಿತ ನೋಡಿ ಹೊರಡಿ. ಅಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದೊಂದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಳಿತದಲ್ಲಿ ಏಡಿಗಳು ಹೊರಬೀಳುತ್ತವೆ. ಬಿಲದಿಂದ ಎರಡು ಮೂರು ಮೀಟರ್ ದೂರದಲ್ಲಿ, ನಿಮ್ಮ ನೆರಳು ಬಿಲದ ಮೇಲೆ ಬೀಳದ ಹಾಗೆ ಕೂತು ಹತ್ತು ನಿಮಿಷ ಮಿಸುಕಬೇಡಿ. ಕಡ್ಡಿಯಂತೆ ನಿಂತ ಆ ಕಣ್ಣುಗಳಿಗೆ ಚಲನೆ ಬೇಗ ಕಾಣುತ್ತದೆ, ಮರಳಿನ ಅದುರುವಿಕೆಯೂ ಕಾಲಿಗೆ ತಿಳಿಯುತ್ತದೆ. ಕ್ಯಾಮೆರಾ ಮರಳಿಗೆ ಒಂದು ಗೇಣು ಎತ್ತರದಲ್ಲಿದ್ದರೆ ಸಾಕು. ಮರಳಲ್ಲಿ ಓಡಿ, ಥಟ್ಟನೆ ನಿಂತು, ಮತ್ತೆ ಓಡುವ ಪುಟ್ಟ ಹಕ್ಕಿಗಳಲ್ಲಿ ಬಹಳಷ್ಟು ಚಳಿಗಾಲಕ್ಕೆ ದೂರದಿಂದ ಬಂದವು. ಮರಳಿ ಹಾರಲು ಅವು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ಬೆನ್ನಟ್ಟಿ ಹಾರಿಸಿದಷ್ಟೂ ಆ ಕೂಡಿಕೆ ಕರಗುತ್ತದೆ. ಬದಲಿಗೆ ನೀರು ಏರುವ ಹೊತ್ತಿಗೆ ದಂಡೆಯ ಮೇಲ್ಭಾಗದಲ್ಲಿ ಕೂರಿ. ಅಲೆಯೇ ಅವುಗಳನ್ನು ನಿಮ್ಮ ಕಡೆ ತರುತ್ತದೆ. ಶರಾವತಿ ಕಡಲು ಸೇರುವಲ್ಲಿನ ಕೆಸರಿಗೆ ಇಳಿಯಬೇಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಾಕಿರುವ ಕಾಲುದಾರಿಯಿಂದಲೇ ಬಕ, ಮಿಂಚುಳ್ಳಿ ಸಿಗುತ್ತವೆ. ಬಿಸಿಲೇರಿದ ಮೇಲೆ ಕಾದ ಮರಳಿನ ಮೇಲಿನ ಗಾಳಿ ನಡುಗಿ ದೂರದ ಹಕ್ಕಿ ಕಲಸಿದಂತೆ ಬರುತ್ತದೆ. ಎಷ್ಟು ದುಬಾರಿ ಲೆನ್ಸೂ ಅದನ್ನು ತಿದ್ದಲಾರದು.

ಗೇರುಸೊಪ್ಪ ಘಟ್ಟವನ್ನು ಎಸಿ ಕಾರಿನಲ್ಲಿ ಇಳಿದು, ಕೆಳಗೆ ಕ್ಯಾಮೆರಾ ಹೊರತೆಗೆದ ತಕ್ಷಣ ಗಾಜು ಬೆವರುತ್ತದೆ. ಆ ತೇವ ಒಳಗೂ ಹೋಗುತ್ತದೆ. ಇಳಿದ ಮೇಲೆ ಅರ್ಧ ಮುಕ್ಕಾಲು ಗಂಟೆ ಜಿಪ್ ಹಾಕಿದ ಚೀಲದಲ್ಲೇ ಇರಲಿ. ದಂಡೆಯಲ್ಲಿ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದು ಮೊದಲು ಬ್ಲೋವರಿನಿಂದ ಮರಳು ಊದಿ, ಆಮೇಲೆ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಹೊರಮೈ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಉಪ್ಪು ಉಳಿದರೆ ಅದು ತೇವ ಎಳೆಯುತ್ತಲೇ ಇರುತ್ತದೆ.

ಇನ್ನು ಬೂಷ್ಟು. ಅದರ ಬೀಜಕಣ ಗಾಳಿಯಲ್ಲಿ ಎಲ್ಲೆಲ್ಲೂ ಇದೆ, ಹೊಸ ಲೆನ್ಸಿನ ಒಳಗೂ ಇದೆ. ಗಾಳಿಯ ಆರ್ದ್ರತೆ ಶೇ. 65-70 ದಾಟಿ ವಾರಗಟ್ಟಲೆ ಹಾಗೇ ಇದ್ದರೆ ಮೊಳೆಯುತ್ತದೆ. ಗಾಜಿನ ಮೇಲಿನ ಧೂಳು, ಜಿಡ್ಡೇ ಅದಕ್ಕೆ ಆಹಾರ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್ ಅದಕ್ಕೆ ಹೇಳಿಮಾಡಿಸಿದ ಕಾಲ. ಬೆಳೆಯುತ್ತಾ ಅದು ಬಿಡುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಆಮೇಲೆ ಬೂಷ್ಟು ಒರೆಸಿದರೂ ಗುರುತು ಹೋಗುವುದಿಲ್ಲ. ಮಳೆಗಾಲ ಪೂರ್ತಿ ಮುಚ್ಚಿಟ್ಟ ಚರ್ಮದ ಚೀಲ, ಬಟ್ಟೆಯ ಚೀಲಗಳೇ ಕೆಟ್ಟವು, ತೇವವನ್ನು ಹೀರಿ ಹಿಡಿದಿಡುತ್ತವೆ.

ಅಕ್ಕಿ ತೇವ ಹೀರುವುದು ಅತ್ಯಲ್ಪ, ಅದರ ಹುಡಿ ಮಾತ್ರ ಜೂಮ್ ಉಂಗುರದೊಳಗೆ ಸೇರುತ್ತದೆ. ಬಿಸಿಲಿಗಿಟ್ಟರೆ ಬೂಷ್ಟು ಸಾಯಿಸುವ ನೇರಳಾತೀತ ಕಿರಣ ಒಳಗಿನ ಗಾಜುಗಳ ತನಕ ಹೋಗುವುದೇ ಕಷ್ಟ. ಒಳಗಿನ ಗ್ರೀಸ್ ಕರಗಿ ಅಪರ್ಚರ್ ರೆಕ್ಕೆಗಳಿಗೆ ಅಂಟಬಹುದು. ಮುಚ್ಚಳ ತೆಗೆದ ಲೆನ್ಸ್ ಬಿಸಿಲನ್ನು ಒಂದೆಡೆ ಕೂಡಿಸಿ ಬಟ್ಟೆಗೆ ಬೆಂಕಿ ಹಚ್ಚಬಲ್ಲದು ಎಂಬುದನ್ನು ಮರೆಯಬೇಡಿ. ಕರ್ಪೂರ, ನುಸಿಗುಳಿಗೆಯ ಆವಿ ಗಾಜಿನ ಮೇಲೆ ಪದರವಾಗಿ ಕೂರುತ್ತದೆ. ಒಲೆ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಬೂಷ್ಟಿಗೆ ಊಟ ಹಾಕಿದ ಹಾಗೆ.

ಕೆಲಸಕ್ಕೆ ಬರುವುದು ಇಷ್ಟು. ರಬ್ಬರ್ ಅಂಚಿನ, ಗಾಳಿಯಾಡದ ಹತ್ತು ಲೀಟರ್ ಪ್ಲಾಸ್ಟಿಕ್ ಡಬ್ಬಿ, 250 ಗ್ರಾಂ ಸಿಲಿಕಾ ಜೆಲ್, ಕೆಲವು ನೂರು ರೂಪಾಯಿಯ ಡಿಜಿಟಲ್ ಆರ್ದ್ರತಾ ಮಾಪಕ. ಅಳತೆ ಶೇ. 40-50ರ ನಡುವೆ ಇರಲಿ. 30ಕ್ಕಿಂತ ಕೆಳಗೆ ಹೋದರೆ ರಬ್ಬರು, ಗ್ರೀಸ್ ಒಣಗುತ್ತವೆ. ಆಗ ಜೆಲ್ ಅರ್ಧ ತೆಗೆಯಿರಿ. ತೇವ ಹೀರಿದ ಮೇಲೆ ಕಿತ್ತಳೆಯಿಂದ ಹಸಿರಿಗೆ ತಿರುಗುವ ಜೆಲ್ ಕೊಳ್ಳಿ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಗೆ ಅದು ಬೇಡ. ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಮೊದಲ ಬಣ್ಣ ಬರುವ ತನಕ ಬಿಸಿ ಮಾಡಿ. ಮುಚ್ಚಿದ ಪಾತ್ರೆಯಲ್ಲಿ ಆರಿಸಿ ಮತ್ತೆ ಡಬ್ಬಿಗೆ ಹಾಕಿ. ಡಬ್ಬಿಯೊಳಗೆ ಚೀಲ ಇಡಬೇಡಿ, ಲೆನ್ಸ್ ಬರಿಯದೇ ಇರಲಿ. ಕರೆಂಟಿನ ಡ್ರೈ ಕ್ಯಾಬಿನೆಟ್‌ಗೆ ಕೆಲವು ಸಾವಿರ ಬೀಳುತ್ತದೆ, ಜೆಲ್ ಹುರಿಯುವ ಕೆಲಸ ತಪ್ಪುತ್ತದೆ. ಒಂದೆರಡು ದಿನ ಕರೆಂಟ್ ಹೋದರೂ ಬಾಗಿಲು ತೆಗೆಯದಿದ್ದರೆ ತೊಂದರೆಯಿಲ್ಲ. ಬೀರುವಿನೊಳಗೆ ಹಳೇ ತಂತಿಯ ಬಲ್ಬ್ ಉರಿಸಿಡುವ ಪದ್ಧತಿಗೆ ಬೆಂಕಿಯ ಅಪಾಯ ಇದೆ, ನಾನು ಅದನ್ನು ಹೇಳುವುದಿಲ್ಲ.

ಈಗಿರುವ ಎಳೆಗಳನ್ನು ಮೊದಲು ಸರಿಯಾಗಿ ನೋಡಿ. ಕತ್ತಲ ಕೋಣೆಯಲ್ಲಿ ಲೆನ್ಸನ್ನು ಕ್ಯಾಮೆರಾದಿಂದ ಬಿಡಿಸಿ, ಒಂದು ತುದಿಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಚುಕ್ಕಿ ಚುಕ್ಕಿ ಇದ್ದರೆ ಧೂಳು, ಚಿಂತೆ ಬೇಡ. ಒಂದು ಗಂಟೆಯಲ್ಲಿ ಮಾಯವಾಗುವ ಮಂಜಾದರೆ ತೇವ. ಕವಲೊಡೆದ ಎಳೆಗಳಾದರೆ ಬೂಷ್ಟು. ಅಂಚಿನಲ್ಲಿ ಉಗುರಿನಷ್ಟಿದ್ದರೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಡಬ್ಬಿಗೆ ಹಾಕಿದರೆ ಬೆಳವಣಿಗೆ ನಿಲ್ಲುತ್ತದೆ, ಹಾಗೇ ಬಳಸಿ. ನಡುಭಾಗಕ್ಕೆ ಬಂದಿದ್ದರೆ ಬೆಳಕಿಗೆದುರು ತೆಗೆದ ಚಿತ್ರ ಮಂಕಾಗುತ್ತದೆ. ಆಗ ದುರಸ್ತಿಯವರಿಗೆ ತೋರಿಸಿ, ಬಿಚ್ಚುವ ಮುಂಚೆಯೇ ಖರ್ಚು ಕೇಳಿಕೊಳ್ಳಿ. ಲೇಪ ತಿಂದುಹೋಗಿದ್ದರೆ ಒರೆಸಿದ ಮೇಲೂ ಗುರುತು ಉಳಿಯುತ್ತದೆಯೇ ಎಂದೂ ಕೇಳಿ. ನೀವೇ ಬಿಚ್ಚಲು ಹೋಗಬೇಡಿ. ಒಂದು ಗಾಜು ಕೂದಲೆಳೆಯಷ್ಟು ಓರೆಯಾಗಿ ಕೂತರೂ ಚಿತ್ರದ ಒಂದು ಪಕ್ಕ ಕಾಯಂ ಮಸುಕಾಗುತ್ತದೆ, ಒಳಗಿನ ತೆಳು ಕೇಬಲ್ ಹರಿದರೆ ಅಪರ್ಚರ್ ಕೆಲಸ ಮಾಡುವುದಿಲ್ಲ.

55-250 ದುಬಾರಿ ಲೆನ್ಸಲ್ಲ. ದುರಸ್ತಿಗೆ ಹೇಳುವ ಮೊತ್ತ ಅದೇ ಲೆನ್ಸಿನ ಬಳಸಿದ ಬೆಲೆಯ ಅರ್ಧ ದಾಟಿದರೆ ಬಳಸಿದ್ದನ್ನೇ ಇನ್ನೊಂದು ಕೊಳ್ಳುವುದು ಲೇಸು. ಕೊಳ್ಳುವ ಮುಂಚೆ ಇದೇ ಟಾರ್ಚ್ ಪರೀಕ್ಷೆ ಮಾಡಿ. ಕರಾವಳಿ, ಮಲೆನಾಡಿನಲ್ಲಿ ಕೈ ಬದಲಾದ ಲೆನ್ಸುಗಳನ್ನು ಎರಡು ಸಲ ನೋಡಿ. ತಂದ ಮೇಲೆ ಬೂಷ್ಟು ಹಿಡಿದ ಹಳೆಯದನ್ನು ಅದೇ ಡಬ್ಬಿಯಲ್ಲಿ ಜೊತೆಗಿಡಬೇಡಿ.